ಗೇಟಿನವನ ಹೆಸರು

ನನ್ನ ಉಪ್ಪ ಕೊನೆಯ ಎರಡು ವರ್ಷ ಪ್ರತಿ ನಮಾಝಿನ ನಂತರ ಒಬ್ಬ ಮನುಷ್ಯನಿಗಾಗಿ ದುಆ ಮಾಡುತ್ತಿದ್ದರು. ಅವನ ಹೆಸರು ಅವರಿಗೆ ಗೊತ್ತಿರಲಿಲ್ಲ. ಊರೂ ಗೊತ್ತಿರಲಿಲ್ಲ. "ಆ ಗೇಟಿನವ" ಎಂದು ಮಾತ್ರ ಹೇಳುತ್ತಿದ್ದರು. "ಹೆಸರಿಲ್ಲದವನಿಗೆ ಮಾಡಿದ ದುಆ ಮುಟ್ಟುತ್ತದಾ?" ಎಂದು ಉಮ್ಮ ಒಮ್ಮೆ ಕೇಳಿದರು. ಉಪ್ಪ ಉತ್ತರ ಕೊಡಲಿಲ್ಲ.

ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಕೊಂಡಿತು. ಅದರ ಭಾರ ಎಷ್ಟೆಂದು ನನಗೆ ತಿಳಿದದ್ದು ಮಂಗಳೂರಿನಿಂದ ಬಹಳ ದೂರದಲ್ಲಿ, ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಒಬ್ಬ ಫಾರೆಸ್ಟ್ ಗಾರ್ಡಿನ ಜೊತೆ ಎರಡು ದಿನ ಕಳೆದ ಮೇಲೆ. ಹಾಗಾಗಿ ಮೊದಲು ಅವರ ಕತೆ ಹೇಳಿ ಆಮೇಲೆ ಉಪ್ಪನ ಕತೆಗೆ ಬರುತ್ತೇನೆ.

ನಾನು ಹಣ್ಣಿನ ವ್ಯಾಪಾರಿ. ದಾಳಿಂಬೆ ಕೊಳ್ಳಲು ವರ್ಷಕ್ಕೆ ಒಂದೆರಡು ಸಲ ಜತ್ತಕ್ಕೆ ಹೋಗುತ್ತೇನೆ. ಮೊದಲ ಸಲ ಹೋದಾಗ ಮರಾಠಿ ಬರದೆ ಕಷ್ಟವಾಗಬಹುದು ಎಂದು ಹೆದರಿದ್ದೆ. ಉಮದಿ, ಸಂಖ, ಮಾಡಗ್ಯಾಳ ಕಡೆಯ ತೋಟಗಳಿಗೆ ಹೋದರೆ ಎಲ್ಲರ ಬಾಯಲ್ಲೂ ಕನ್ನಡ. ನಮ್ಮ ಕರಾವಳಿಯ ಪುಸ್ತಕದ ಕನ್ನಡ ಕೇಳಿ ಅವರು ನಕ್ಕರು, ಅವರ ಕನ್ನಡ ಅರ್ಥವಾಗದೆ ನಾನು ಎರಡೆರಡು ಸಲ ಕೇಳಿದೆ. ಜತ್ತ ಮೊದಲು ಡಫಳೆ ಮನೆತನದ ಸಣ್ಣ ಸಂಸ್ಥಾನವಾಗಿತ್ತು. 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು, 1960ರಲ್ಲಿ ಮಹಾರಾಷ್ಟ್ರವಾಯಿತು. ಗುಡ್ಡಾಪುರದ ದಾನಮ್ಮದೇವಿಯ ಗುಡಿ ಇರುವುದು ಈ ತಾಲ್ಲೂಕಿನಲ್ಲೇ. ಕರ್ನಾಟಕದ ಎಷ್ಟೋ ಜನ ಅಲ್ಲಿಗೆ ನಡೆದುಕೊಂಡು ಹೋಗುತ್ತಾರೆ. 2022ರ ನವೆಂಬರಿನಲ್ಲಿ ಆಗಿನ ನಮ್ಮ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಜತ್ತದ ಹಳ್ಳಿಗಳ ಮಾತೆತ್ತಿದಾಗ ಟಿವಿಯಲ್ಲಿ ಕೆಲವು ದಿನ ಆ ಹೆಸರು ಓಡಾಡಿತು. ಆಮೇಲೆ ನಿಂತುಹೋಯಿತು. ಅಲ್ಲಿಯ ಜನ ಗಡಿಗಿಂತ ಹೆಚ್ಚಾಗಿ ಮಾತಾಡುವುದು ನೀರಿನ ಬಗ್ಗೆ. ಮಳೆ ಕಡಿಮೆ, ನೆಲ ಕಲ್ಲು. ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಹಳ್ಳಿಗಳು ಅಲ್ಲಿ ಬೇಕಾದಷ್ಟಿವೆ.

2024ರ ಮಾರ್ಚಿನಲ್ಲಿ ನಾನು ಹೋದಾಗ ರಮಝಾನ್ ನಡೆಯುತ್ತಿತ್ತು. ನನಗೆ ಹಣ್ಣು ಕೊಡುವ ತೋಟದವರ ಕಟ್ಟೆಯ ಮೇಲೆ ಖಾಕಿ ಪ್ಯಾಂಟು, ಬಿಳಿ ಬನಿಯನ್ನಿನಲ್ಲಿ ಒಬ್ಬರು ಕೂತಿದ್ದರು. ಐವತ್ತೈದು ದಾಟಿದ ವಯಸ್ಸು. ತೋಟದವರಿಗೆ ಸಂಬಂಧಿ. ಊರಿನ ಮಕ್ಕಳೆಲ್ಲ ಅವರನ್ನು "ಗಾರ್ಡ್ ಮಾಮಾ" ಎನ್ನುತ್ತಿದ್ದರು. ಚಾ ಬಂತು. ನಾನು ನೋಂಬು ಎಂದು ಹೇಳಿ ಬೇಡವೆಂದೆ. ಅವರು ತಮ್ಮ ಕಪ್ಪನ್ನೂ ಪಕ್ಕಕ್ಕಿಟ್ಟು, "ನೀರೂ ಕುಡ್ಯಾಂಗಿಲ್ಲೇನ್ರಿ ಶೇಟ್ರ?" ಎಂದು ಕೇಳಿದರು. ಇಲ್ಲ ಎಂದೆ. "ನಮ್ಮ ಊರಾಗ ಎಲ್ಲಾರೂ ಮೂರ ತಿಂಗಳು ಅದನ್ನ ಮಾಡ್ತೀವ್ರಿ" ಎಂದು ನಕ್ಕರು. ನಮ್ಮ ಮಾತು ಶುರುವಾದದ್ದು ಹಾಗೆ.

ಅವರು ಓದಿದ್ದು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ. ಅರಣ್ಯ ಇಲಾಖೆಗೆ ಮೊದಲು ಕೂಲಿಯಾಗಿ ಸೇರಿ, ಗಿಡ ನೆಡುವ ಗುಂಡಿ ತೋಡಿ, ಬಹಳ ವರ್ಷದ ಮೇಲೆ ಗಾರ್ಡ್ ಆದರು. ನೇಮಕಾತಿಗೆ ನಡಿಗೆಯ ಪರೀಕ್ಷೆ ಇತ್ತಂತೆ, ನಾಲ್ಕು ಗಂಟೆಯಲ್ಲಿ 25 ಕಿಲೋಮೀಟರು. ಅದು ಅವರಿಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಮರಾಠಿಯಲ್ಲಿ ಬರೆಯುವುದು. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು ಎಂದು ಮೂರು ನಾಲಗೆಯಲ್ಲಿ ಬೆಳೆದ ನನಗೆ ಅದು ಬೇಗ ಅರ್ಥವಾಯಿತು. ಒಂದನೇ ಕ್ಲಾಸಿನಲ್ಲಿ ಮಾಷ್ಟ್ರು ಕನ್ನಡದಲ್ಲಿ ಕೇಳಿದ್ದಕ್ಕೆ ಬ್ಯಾರಿಯಲ್ಲಿ ಉತ್ತರ ಕೊಟ್ಟು ಪೆಟ್ಟು ತಿಂದವರು ನಮ್ಮಲ್ಲಿ ಕಡಿಮೆಯಿಲ್ಲ.

ಜತ್ತದ ಬಯಲಿನಲ್ಲಿ ಡ್ಯೂಟಿ ಇದ್ದಾಗ ಈ ಎರಡು ಭಾಷೆಯೇ ಅವರ ದೊಡ್ಡ ಕೆಲಸವಾಗಿತ್ತಂತೆ. ಆ ಕಡೆ ಮಾಡಗ್ಯಾಳ ಎಂಬ ಕುರಿಯ ತಳಿ ಪ್ರಸಿದ್ಧ. ಎತ್ತರದ ಮೈ, ಗಿಳಿಯ ಕೊಕ್ಕಿನ ಹಾಗೆ ಬಾಗಿದ ಮೂಗು. 2020ರಲ್ಲಿ ಆಟಪಾಡಿಯ ಸಂತೆಯಲ್ಲಿ ಈ ತಳಿಯ ಒಂದು ಟಗರನ್ನು 70 ಲಕ್ಷಕ್ಕೆ ಕೇಳಿದ್ದು ಪೇಪರಿನಲ್ಲಿ ಬಂದಿತ್ತು. ಕುರಿ ಇದ್ದಲ್ಲಿ ತೋಳವೂ ಇರುತ್ತದೆ. ತೋಳಕ್ಕೆ ನಮ್ಮ ಘಟ್ಟದಂಥ ದಟ್ಟ ಕಾಡು ಬೇಡ, ಹುಲ್ಲಿನ ಬಯಲು ಬೇಕು. ಅದು ಹುಲಿಯ ಹಾಗೆಯೇ 1972ರ ವನ್ಯಜೀವಿ ಕಾಯಿದೆಯ ಮೊದಲನೇ ಪಟ್ಟಿಯಲ್ಲಿರುವ ಪ್ರಾಣಿ. ಕೊಂದರೆ ಜೈಲು. ಆದರೆ ಅದರ ಬದುಕು ಹೆಚ್ಚಾಗಿ ಅಭಯಾರಣ್ಯದ ಹೊರಗೆ, ಕುರುಬರ ಹಟ್ಟಿಯ ಪಕ್ಕದಲ್ಲೇ.

ರಾತ್ರಿ ತೋಳ ಬಂದು ಮರಿ ಹೊತ್ತುಕೊಂಡು ಹೋದರೆ ಸರಕಾರದ ಪರಿಹಾರ ಇದೆ. ಆದರೆ ಸತ್ತ ಕುರಿಯನ್ನು ಬಿದ್ದಲ್ಲೇ ಬಿಟ್ಟು ತಿಳಿಸಬೇಕು, ಪಶುವೈದ್ಯರು ನೋಡಬೇಕು, ಪಂಚನಾಮೆ ಆಗಬೇಕು. ಕುರಿಗಳ ಹಿಂದೆ ಊರೂರು ಅಲೆಯುವವನು ಒಂದು ಸತ್ತ ಮರಿಗಾಗಿ ಎಷ್ಟು ದಿನ ನಿಲ್ಲುತ್ತಾನೆ? ಮರಿಯನ್ನು ತೋಳ ಪೂರ್ತಿ ಹೊತ್ತುಕೊಂಡು ಹೋಗಿದ್ದರೆ ತೋರಿಸಲು ಏನಿದೆ? ಕಾಗದವೋ ಮರಾಠಿಯಲ್ಲಿ, ಕುರುಬನ ಮಾತು ಕನ್ನಡದಲ್ಲಿ. ಗಾರ್ಡ್ ಮಾಮಾ ಅವರ ಪಕ್ಕ ಕೂತು ಅರ್ಜಿ ಬರೆದುಕೊಡುತ್ತಿದ್ದರು. ಒಮ್ಮೆ ಒಬ್ಬ ಮುದುಕ ಕುರುಬ, "ಬರಿಯೂದು ಬಿಡೋ ತಮ್ಮಾ, ಅದಕ್ಕೂ ಹೊಟ್ಟಿ ಐತಿ" ಎಂದು ಎದ್ದು ಹೋದನಂತೆ. "ತ್ವಾಳಾ ಉಳಿಸಿದವ ಅಂವ ರೀ. ಪಗಾರ ಮಾತ್ರ ನನಗ ಬರ್ತೈತಿ" ಎಂದರು ಮಾಮಾ.

ಈಗ ಅವರ ಡ್ಯೂಟಿ ಅದೇ ಜಿಲ್ಲೆಯ ಸಾಗರೇಶ್ವರ ಅಭಯಾರಣ್ಯದಲ್ಲಿ. ಮರುದಿನ ರಜೆ ಮುಗಿದು ಹೊರಡುವವರಿದ್ದರು. ನನಗೂ ಒಣದ್ರಾಕ್ಷಿ ನೋಡಲು ತಾಸಗಾಂವಕ್ಕೆ ಹೋಗುವುದಿತ್ತು. ನನ್ನ ಗಾಡಿಯಲ್ಲೇ ಹೋಗೋಣ ಎಂದೆ. ಕವಠೆ ಮಹಾಂಕಾಳ ದಾಟಿ ತಾಸಗಾಂವಕ್ಕೆ ಬಂದು ನನ್ನ ಕೆಲಸ ಮುಗಿಸಿದೆವು. ಅಲ್ಲಿಂದ ಪಲೂಸ್ ಮೇಲೆ ದೇವರಾಷ್ಟ್ರೆಯ ಕಡೆ ಹೊರಟೆವು. ಯಶವಂತರಾವ್ ಚವ್ಹಾಣರು ಹುಟ್ಟಿದ ಊರು ಅದು. ಜತ್ತದ ಬೋಳು ನೆಲ ನೋಡಿದ ಕಣ್ಣಿಗೆ ಕೃಷ್ಣಾ ನದಿಯ ಬದಿಯ ಕಬ್ಬಿನ ಹಸಿರು ಬೇರೆಯೇ ದೇಶದ ಹಾಗೆ ಕಂಡಿತು. ಒಂದೇ ಜಿಲ್ಲೆ. 2016ರ ಏಪ್ರಿಲಿನಲ್ಲಿ ಲಾತೂರಿಗೆ ರೈಲಿನಲ್ಲಿ ನೀರು ಕಳಿಸಿದ್ದು ನೆನಪಿರಬಹುದು. ಆ ರೈಲು ತುಂಬಿಸಿದ್ದು ಇದೇ ಜಿಲ್ಲೆಯ ಮಿರಜಿನಲ್ಲಿ. "ಆ ಗಾಡಿ ಲಾತೂರ ಮುಟ್ಟಿತ್ರಿ. ಜತ್ತಕ್ಕ ಬರಾಕ ಹಳಿ ಸಿಗಲಿಲ್ಲ ಕಾಣತೈತಿ" ಎಂದರು ಮಾಮಾ. ಕೃಷ್ಣೆಯ ನೀರನ್ನು ಎತ್ತಿ ಮೇಲೆ ತರುವ ಮ್ಹೈಸಾಳ ಯೋಜನೆಯ ಕಾಲುವೆಯ ಬಗ್ಗೆ ಅವರ ಊರಿನವರು ಮೂರು ತಲೆಮಾರಿನಿಂದ ಮಾತಾಡುತ್ತಿದ್ದಾರಂತೆ.

ಸಾಗರೇಶ್ವರ ದೊಡ್ಡ ಕಾಡಲ್ಲ. 10.87 ಚದರ ಕಿಲೋಮೀಟರು. ನಮ್ಮ ಕುದುರೆಮುಖ, ಪುಷ್ಪಗಿರಿಯ ಎದುರು ಅದು ಒಂದು ಮೂಲೆ. ಹಳೆಯ ಶಿವನ ಗುಡಿಯ ಹೆಸರೇ ಅದಕ್ಕೆ. ಆದರೆ ಅದರ ವಿಶೇಷ ಬೇರೆ. ಅದು ತಾನಾಗಿ ಬೆಳೆದ ಕಾಡಲ್ಲ, ಮನುಷ್ಯರು ಬೆಳೆಸಿದ್ದು. ಕಡೆಗಾಂವ, ವಾಳವಾ, ಪಲೂಸ್ ಮೂರು ತಾಲ್ಲೂಕುಗಳು ಸೇರುವಲ್ಲಿ ಬೋಳಾಗಿ ಬಿದ್ದಿದ್ದ ಗುಡ್ಡಗಳವು. ಪಕ್ಕದ ಮೋಹಿತೆ ವಡಗಾಂವದ ಧೋಂ. ಮ. ಮೋಹಿತೆ ಎಂಬವರು ಅಲ್ಲಿ ಕಾಡು ಆಗಲೇಬೇಕು ಎಂದು ಹಟ ಹಿಡಿದರು. ಜನರನ್ನೂ ಸರಕಾರವನ್ನೂ ಬೆನ್ನು ಬಿಡದೆ ಗಿಡ ನೆಡಿಸಿದರು. ಜಿಂಕೆ, ಕಡವೆಗಳನ್ನು ಹೊರಗಿನಿಂದ ತಂದು ಬಿಟ್ಟರು. 1985ರಲ್ಲಿ ಅದಕ್ಕೆ ಅಭಯಾರಣ್ಯದ ಘೋಷಣೆ ಸಿಕ್ಕಿತು. ಸುತ್ತಲೂ ಬೇಲಿ. ಒಳಗೆ ವರ್ಷಪೂರ್ತಿ ಹರಿಯುವ ನೀರು ಇಲ್ಲ.

ಕಾಡು ಎಂದರೆ ನಮ್ಮ ಕರಾವಳಿಯವರಿಗೆ ಕಡಿದರೂ ಮತ್ತೆ ಬೆಳೆಯುವ ವಸ್ತು. ಒಂದು ಮಳೆಗಾಲ ಅಂಗಳ ಗುಡಿಸದಿದ್ದರೆ ಮನೆಯೇ ಕಾಡಾಗುತ್ತದೆ. ಇಲ್ಲಿ ಮಾಮಾ ಒಂದು ಬೇವಿನ ಮರದ ಬುಡದಲ್ಲಿ ನಿಂತು ತೋರಿಸಿದರು. ಕಲ್ಲು ಒಡೆದು ಗುಂಡಿ ಮಾಡಬೇಕು. ಬೇರೆ ಕಡೆಯಿಂದ ಮಣ್ಣು ತಂದು ತುಂಬಬೇಕು. ಮಳೆ ನೀರು ಓಡಿಹೋಗದಂತೆ ಗುಡ್ಡಕ್ಕೆ ಅಡ್ಡಲಾಗಿ ಚರ ತೋಡಬೇಕು. ನೆಟ್ಟ ಮೇಲೆ ಎರಡು ಮೂರು ಬೇಸಿಗೆ ತಲೆಯ ಮೇಲೆ ಕೊಡ ಹೊತ್ತು ನೀರು ಹಾಕಬೇಕು. "ಇದು ದೇವರು ಬೆಳಸಿದ ಅಡವಿ ಅಲ್ರಿ ಶೇಟ್ರ. ಮಂದಿ ಹಚ್ಚಿದ್ದು. ಹೆಚ್ಚು ಹೆಣ್ಣಮಕ್ಕಳು" ಎಂದರು.

ಬೇಸಿಗೆ ಅಲ್ಲಿಯ ಜನರಿಗೆ ಅತಿ ಕಷ್ಟದ ಕಾಲ. ಜನವರಿ, ಫೆಬ್ರವರಿಯಲ್ಲೇ ಬೆಂಕಿ ರೇಖೆಯ ಕೆಲಸ ಶುರು. ಎಂದರೆ ದಾರಿಯ ಎರಡೂ ಬದಿ ಒಣಹುಲ್ಲು ಕೊಯ್ದು, ಸುಟ್ಟು, ಪಟ್ಟಿಯ ಹಾಗೆ ಬೋಳು ಮಾಡಿ ಇಡುವುದು. ಯಾರೋ ಬೀಡಿ ಎಸೆದರೆ ಬೆಂಕಿ ಆ ಪಟ್ಟಿಯ ಹತ್ತಿರ ಬಂದು ನಿಲ್ಲಬೇಕು. ನಿಲ್ಲದಿದ್ದರೆ ಹಸಿ ಸೊಪ್ಪಿನ ಟೊಂಗೆ ಹಿಡಿದು ಬಡಿದು ಆರಿಸಬೇಕು. ಬೇಲಿಯ ಉದ್ದಕ್ಕೂ ದಿನಾ ನಡೆದು ಎಲ್ಲಿ ತಂತಿ ಕಿತ್ತಿದೆ ನೋಡಬೇಕು. ಜಿಂಕೆ ಹೊರಗೆ ಹೋದರೆ ರೈತರ ಬೆಳೆ ತಿನ್ನುತ್ತದೆ, ಆಮೇಲೆ ರೈತರು ಬಂದು ಬೈಯುವುದು ಅಧಿಕಾರಿಯನ್ನಲ್ಲ, ಎದುರಿಗೆ ಸಿಕ್ಕ ಕಾವಲುಗಾರನನ್ನು. ಪೊದೆಯ ಕೆಳಗೆ ಯಾರಾದರೂ ಉರುಲು ಕಟ್ಟಿದ್ದಾರಾ ಎಂದು ಕೋಲಿನಿಂದ ತಡವಬೇಕು. ಬುದ್ಧ ಪೌರ್ಣಿಮೆಯ ರಾತ್ರಿ ಮಚಾನಿನ ಮೇಲೆ ಕೂತು ನೀರಿಗೆ ಬರುವ ಪ್ರಾಣಿಗಳನ್ನು ಎಣಿಸುವುದು ಮಹಾರಾಷ್ಟ್ರದ ಕಾಡುಗಳಲ್ಲಿ ಹಳೆಯ ಪದ್ಧತಿ. ಪೇಟೆಯಿಂದ ಉತ್ಸಾಹಿಗಳು ಬರುತ್ತಾರೆ. ಅವರಿಗೆ ಅದು ವರ್ಷದಲ್ಲಿ ಒಂದು ರಾತ್ರಿ.

ಸಂಜೆ ನಾವು ಗೇಟಿನ ಹತ್ತಿರ ಇದ್ದಾಗ ನೀರಿನ ಟ್ಯಾಂಕರ್ ಬಂತು. ಸಿಮೆಂಟಿನ ತೊಟ್ಟಿಗೆ ಪೈಪು ಬಿಟ್ಟರು. ಅಷ್ಟರಲ್ಲಿ ಮಾಮಾನ ಫೋನು ರಿಂಗಾಯಿತು. ಮನೆಯಿಂದ. ಎರಡು ದಿನದಿಂದ ಊರಿಗೆ ಟ್ಯಾಂಕರ್ ಬಂದಿಲ್ಲವಂತೆ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಪೈಪು. "ಹೂಂ, ಹೂಂ, ಹೇಳ್ತೀನಿ, ನಾಳಿಗೆ ಬರ್ತೈತಿ" ಎಂದು ಇಟ್ಟರು. ನನಗೆ ಕೇಳದೆ ಇರಲಾಗಲಿಲ್ಲ. ನಿಮ್ಮ ಮನೆಯಲ್ಲಿ ನೀರಿಲ್ಲ, ಇಲ್ಲಿ ಜಿಂಕೆಗೆ ನೀರು ಬಿಡುತ್ತಿದ್ದೀರಿ, ಬೇಸರ ಆಗುವುದಿಲ್ಲವಾ?

"ಜಿಂಕಿ ಫೋನ್ ಮಾಡೂದಿಲ್ಲಲ್ರೀ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ತಂದು ಬಿಟ್ಟವ್ರು ನಾವು. ಬ್ಯಾಲಿ ಹಾಕಿದವ್ರು ನಾವು. ಹೊರಗ ಹ್ವಾದ್ರ ಹೊಡಿಯವ್ರೂ ನಾವು. ನೀರು ಯಾರು ಕೊಡಬೇಕ್ರಿ ಮತ್ತ?" ಎಂದರು.

ಮಗ್ರಿಬ್ ಹತ್ತಿರವಾಗಿತ್ತು. ನನ್ನ ಚೀಲದಲ್ಲಿ ಖರ್ಜೂರ ಇತ್ತು. ಅವರು ತಮ್ಮ ಕೋಣೆಯಿಂದ ತಂಬಿಗೆಯಲ್ಲಿ ನೀರು ತಂದುಕೊಟ್ಟರು. ಬೆಳಗಿನಿಂದ ಬಾಯಿ ಒಣಗಿತ್ತು. ಆ ನೀರಿನ ರುಚಿ ನಮ್ಮ ಬಾವಿಯ ನೀರಿನ ಹಾಗಿರಲಿಲ್ಲ, ಉಪ್ಪು. ಎರಡು ತಂಬಿಗೆ ಕುಡಿದೆ. ನೋಂಬು ಬಿಟ್ಟು, ನಮಾಝ್ ಮುಗಿಸಿ, ಅಲ್ಲೇ ಕಲ್ಲಿನ ಮೇಲೆ ಕೂತು ಅವರಿಗೆ ಉಪ್ಪನ ಕತೆ ಹೇಳಿದೆ. ಅದುವರೆಗೆ ಹೊರಗಿನವರಿಗೆ ಹೇಳಿದ್ದಿಲ್ಲ.

ಉಪ್ಪ 1980ರ ದಶಕದಲ್ಲಿ ಮರದ ಲಾರಿಯ ಡ್ರೈವರ್ ಆಗಿದ್ದರು. ಘಟ್ಟದ ಮರ ಆಗ ಮಂಗಳೂರಿಗೆ ಇಳಿಯುತ್ತಿತ್ತು. ಪರ್ಮಿಟ್ ಇದ್ದ ಮರ, ಹ್ಯಾಮರಿನ ಗುರುತು ಬಿದ್ದ ಮರ ಹಗಲಲ್ಲಿ ಬರುತ್ತಿತ್ತು. ಪರ್ಮಿಟ್ ಇಲ್ಲದ್ದು ರಾತ್ರಿ ಬರುತ್ತಿತ್ತು. ಈ ವ್ಯಾಪಾರದಲ್ಲಿ ಎಲ್ಲ ಜಾತಿಯವರೂ ಇದ್ದರು. ಲಾರಿ ಧಣಿಯದ್ದು, ಮರ ಇನ್ಯಾರದ್ದೋ, ಸಿಕ್ಕಿಬಿದ್ದರೆ ಒಳಗೆ ಹೋಗುವುದು ಡ್ರೈವರ್. ನಮ್ಮ ಮನೆಯಲ್ಲಿ "ಫಾರೆಸ್ಟಿನವರು" ಎಂದರೆ ಹೆದರಿಸುವ ಶಬ್ದ. ಮಕ್ಕಳು ಊಟ ಮಾಡದಿದ್ದರೆ ಉಮ್ಮ ಅವರ ಹೆಸರು ಹೇಳುತ್ತಿದ್ದರು.

ಒಂದು ಮಳೆಗಾಲದ ರಾತ್ರಿ ಘಟ್ಟದ ಬುಡದ ಒಂದು ಗೇಟಿನ ಹತ್ತಿರ ಒಬ್ಬ ವಾಚರ್ ರಸ್ತೆಯ ಮಧ್ಯೆ ನಿಂತು ಟಾರ್ಚ್ ಬೀಸಿದ. ಒಬ್ಬನೇ. ಗೇಟಿನ ಬಿದಿರು ಎತ್ತಿಯೇ ಇತ್ತು. ಪಕ್ಕದಲ್ಲಿ ಕೂತಿದ್ದ ಧಣಿಯ ಜನ "ನಿಲ್ಲಿಸಬೇಡ" ಎಂದ. ಉಪ್ಪ ನಿಲ್ಲಿಸಲಿಲ್ಲ. ಅವನು ಸರಿಯುತ್ತಾನೆ ಎಂದುಕೊಂಡರು. ಅವನು ಕೊನೆಯ ಕ್ಷಣದವರೆಗೆ ಸರಿಯಲಿಲ್ಲ. ಆಮೇಲೆ ಚರಂಡಿಗೆ ಹಾರಿದ. ಲಾರಿ ತಾಗಿತೋ ಇಲ್ಲವೋ ಉಪ್ಪನಿಗೆ ಕೊನೆಯವರೆಗೂ ಖಾತ್ರಿಯಿರಲಿಲ್ಲ. ಕನ್ನಡಿಯಲ್ಲಿ ಟಾರ್ಚ್ ರಸ್ತೆಯ ಮೇಲೆ ಉರುಳುವುದು ಕಂಡಿತಂತೆ. ಕೆಲವು ದಿನ ಕಳೆದು ಒಂದು ಹೋಟೆಲಿನಲ್ಲಿ ಯಾರೋ ಹೇಳಿದರು, ಆ ಗೇಟಿನವನ ಕಾಲು ಮುರಿದಿದೆ ಎಂದು. ಉಪ್ಪ ಅದೇ ವರ್ಷ ಲಾರಿ ಬಿಟ್ಟು ಸಣ್ಣ ಜಿನಸಿನ ಅಂಗಡಿ ಹಾಕಿದರು. ಕಾರಣ ಯಾರಿಗೂ ಹೇಳಲಿಲ್ಲ. ನಮಗೆ ಹೇಳಿದ್ದು ಮೂವತ್ತು ವರ್ಷದ ನಂತರ, ಸ್ಟ್ರೋಕ್ ಆಗಿ ಅವರದೇ ಒಂದು ಕಾಲು ಎಳೆಯತೊಡಗಿದ ಮೇಲೆ.

ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮಾತು ಇದು. ಅಲ್ಲಾಹನಿಗೆ ಸಲ್ಲಬೇಕಾದದ್ದರಲ್ಲಿ ತಪ್ಪಿದರೆ ಅಲ್ಲಾಹನಲ್ಲಿ ಕೇಳಬಹುದು. ಮನುಷ್ಯನ ಹಕ್ಕಿಗೆ ಕೈ ಹಾಕಿದ್ದರೆ, ಹಕ್ಕುಲ್ ಇಬಾದ್ ಅನ್ನುತ್ತೇವಲ್ಲ, ಅದನ್ನು ಆ ಮನುಷ್ಯನೇ ಮಾಫ್ ಮಾಡಬೇಕು. ಉಪ್ಪನ ಸಂಕಟ ಅದೇ ಆಗಿತ್ತು. ಕೇಳುವುದು ಯಾರ ಹತ್ತಿರ?

ಉಪ್ಪ ತೀರಿಹೋದ ಮೇಲೆ ನಾನು ಆ ಗೇಟು ಹುಡುಕಿಕೊಂಡು ಹೋದೆ. ಗೇಟು ಇರಲಿಲ್ಲ. ರಸ್ತೆ ಅಗಲವಾಗಿತ್ತು. ಹತ್ತಿರದ ಒಂದು ಕಚೇರಿಯಲ್ಲಿ ವಿಚಾರಿಸಿದೆ. ಅಲ್ಲಿದ್ದ ಹುಡುಗ ಸಮಾಧಾನದಿಂದಲೇ ಕೇಳಿದ, "ಪರ್ಮನೆಂಟಾ, ದಿನಗೂಲಿಯಾ?" ಗೊತ್ತಿಲ್ಲ ಎಂದೆ. ಒಬ್ಬನೇ ರಾತ್ರಿ ಗೇಟಿನಲ್ಲಿ ಇದ್ದ ಎಂದರೆ ದಿನಗೂಲಿಯೇ ಇರಬೇಕು, ದಿನಗೂಲಿಯವರ ಹೆಸರು ಸರ್ವಿಸ್ ಪುಸ್ತಕದಲ್ಲಿ ಇರುವುದಿಲ್ಲ, ಆ ಕಾಲದ ಮಸ್ಟರ್ ರೋಲ್ ಎಲ್ಲಿಯೂ ಸಿಗದು ಎಂದ. ನಾನು ವಾಪಸ್ ಬಂದೆ.

ಇಷ್ಟನ್ನು ಗಾರ್ಡ್ ಮಾಮಾ ಸುಮ್ಮನೆ ಕೇಳಿದರು. ಬೈಯಬಹುದು ಎಂದುಕೊಂಡಿದ್ದೆ. ಅಥವಾ ಹೋಗಲಿ ಬಿಡಿ ಎನ್ನಬಹುದು. ಎರಡೂ ಹೇಳಲಿಲ್ಲ. "ಗೇಟ್ ಕಾಯೋನಿಗೆ ಲಾರಿ ನಂಬರ್ ಬಾಯಿಪಾಠ ಇರ್ತೈತ್ರಿ. ಡ್ರೈವರ್ ಹೆಸರು ಅವಂಗೂ ಗೊತ್ತಿರೂದಿಲ್ಲ" ಎಂದರು. ಆ ಮನುಷ್ಯನೂ ತನ್ನ ಮನೆಯಲ್ಲಿ "ಆ ಲಾರಿಯವ" ಎನ್ನುತ್ತಿರಬಹುದು ಎಂದು ನನಗೆ ಆವತ್ತೇ ಮೊದಲು ಹೊಳೆದದ್ದು.

ಆಮೇಲೆ ಅವರು ಎದ್ದು ಕೋಣೆಗೆ ಹೋಗಿ ಒಂದು ಉದ್ದ ನೋಟ್‌ಬುಕ್ ತಂದರು. ಕಿರಾಣಿ ಅಂಗಡಿಯಲ್ಲಿ ಸಾಲ ಬರೆಯುವಂಥದ್ದು. ಒಳಗೆಲ್ಲ ಕನ್ನಡ. ಆಫೀಸಿಗೆ ಕೊಡುವುದು ಮರಾಠಿಯಲ್ಲಿ, ಇದು ತನಗೆ ಎಂದರು. ಕೆಲಸಕ್ಕೆ ಸೇರಿದಾಗಿನಿಂದ ತನ್ನ ಜೊತೆ ಗುಂಡಿ ತೋಡಿದವರು, ನೀರು ಹೊತ್ತವರು, ಬೆಂಕಿ ಆರಿಸಿದವರು ಎಲ್ಲರ ಹೆಸರು, ಊರು. ಸಾಗರೇಶ್ವರಕ್ಕೆ ಬಂದ ಮೇಲೆ ಅಲ್ಲಿಯ ಮುದುಕ ಮುದುಕಿಯರನ್ನು ಕೇಳಿ, ತಾನು ಬರುವ ಮೊದಲೇ ಗಿಡ ಹಚ್ಚಿದವರ ಹೆಸರುಗಳನ್ನೂ ಸೇರಿಸಿದ್ದರು. ಕೆಲವರ ಮುಂದೆ ಒಂದು ಗೆರೆ. ತೀರಿಕೊಂಡವರು. ಏಕೆ ಬರೆದಿಟ್ಟಿರಿ ಎಂದೆ. "ಮಸ್ಟರ್ ಹಾಳಿ ಮ್ಯಾಲೆ ಹೋಗ್ತಾವ್ರಿ, ತಿರುಗಿ ಬರೂದಿಲ್ಲ. ಮೊದಲ ನಾನೂ ಅದರಾಗ ಇದ್ದವ" ಎಂದರು.

ನಮಗೆ ಗೊತ್ತಿರುವ ಕಾಡಿನ ಜನರ ಹೆಸರು ಎಷ್ಟು? ವೀರಪ್ಪನ್ ಕೈಯಲ್ಲಿ 1991ರ ನವೆಂಬರ್ 10ರಂದು ಸತ್ತ ಪಿ. ಶ್ರೀನಿವಾಸ್ ಅವರ ಹೆಸರು ಗೊತ್ತು. ನಾಗರಹೊಳೆ ಕಾಯ್ದ ರೇಂಜರ್ ಕೆ.ಎಂ. ಚಿಣ್ಣಪ್ಪನವರ ಹೆಸರು ಗೊತ್ತು. ಜತ್ತದ ಪಕ್ಕದ ಸೊಲ್ಲಾಪುರದವರೇ ಆದ ಮಾರುತಿ ಚಿತಮಪಲ್ಲಿ ಅರಣ್ಯಾಧಿಕಾರಿಯಾಗಿದ್ದು ಮರಾಠಿಯಲ್ಲಿ ಕಾಡಿನ ಬಗ್ಗೆ ಪುಸ್ತಕ ಬರೆದು, 2025ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷ ಜೂನ್‌ನಲ್ಲಿ ತೀರಿಕೊಂಡರು. ಅವರು ಕಾಡು ಕಲಿತದ್ದೇ ಕಾಡಿನ ಬದಿಯ ಸಾಮಾನ್ಯ ಜನರಿಂದ. ಪ್ರತಿ ವರ್ಷ ಸೆಪ್ಟೆಂಬರ್ 11ರಂದು ಅರಣ್ಯ ಹುತಾತ್ಮರ ದಿನ ಆಚರಿಸುತ್ತಾರೆ. 1730ರಲ್ಲಿ ರಾಜಸ್ಥಾನದ ಖೇಜಡ್ಲಿಯಲ್ಲಿ ಮರ ಅಪ್ಪಿಕೊಂಡು ಪ್ರಾಣ ಕೊಟ್ಟ 363 ಬಿಷ್ಣೋಯಿಗಳ ನೆನಪಿನ ದಿನ ಅದು. ಅವರಲ್ಲೂ ನಮಗೆ ಗೊತ್ತಿರುವುದು ಅಮೃತಾದೇವಿಯ ಹೆಸರೊಂದೇ. ದೊಡ್ಡವರ ಹೆಸರು ಉಳಿಯುವುದು ತಪ್ಪಲ್ಲ. ಮೋಹಿತೆಯವರು ಇಲ್ಲದಿದ್ದರೆ ಸಾಗರೇಶ್ವರವೂ ಇರುತ್ತಿರಲಿಲ್ಲ. ಆದರೆ ಸಫಾರಿಗೆ ಹೋದ ನಾವು ಮನೆಗೆ ಬಂದು ಎಷ್ಟು ಜಿಂಕೆ ಕಂಡಿತು ಎಂದು ಲೆಕ್ಕ ಹೇಳುತ್ತೇವೆ. ಗೇಟು ತೆಗೆದವನ ಹೆಸರು ಕೇಳಿರುವುದಿಲ್ಲ. ಕರ್ನಾಟಕವಾಗಲಿ ಮಹಾರಾಷ್ಟ್ರವಾಗಲಿ, ಕಾಡಿನ ದಿನಗೂಲಿಯವರು ನಮ್ಮನ್ನು ಕಾಯಂ ಮಾಡಿ ಎಂದು ವರ್ಷಗಟ್ಟಲೆ ಕೇಳುತ್ತಲೇ ಇದ್ದಾರೆ. ಅದು ಸಂಬಳದ ಮಾತು ಎಂದುಕೊಂಡಿದ್ದೆ. ಪುಸ್ತಕದಲ್ಲಿ ಹೆಸರು ಇರುವುದರ ಮಾತೂ ಹೌದು ಎಂದು ಈಗ ಅನಿಸುತ್ತದೆ.

ಆ ರಾತ್ರಿ ಹೊರಡುವಾಗ ಮಾಮಾ ಕೇಳಿದರು, "ನಿಮ್ಮ ಅಪ್ಪಾರ ಹೆಸರೇನ್ರಿ?" ಹೇಳಿದೆ. ಬರೆದುಕೊಳ್ಳಲಿಲ್ಲ. ಒಂದು ಸಲ ಬಾಯಲ್ಲಿ ಹೇಳಿ ನೋಡಿದರು, ಅವರ ಉಚ್ಚಾರದಲ್ಲಿ. "ಆ ಮನಿಶ್ಯಾ ಸಿಕ್ಕರ ನನಗೂ ತಿಳಸ್ರಿ" ಎಂದರು.

ಊರಿಗೆ ಬಂದು ಉಮ್ಮನಿಗೆ ಎಲ್ಲವನ್ನೂ ಹೇಳಿದೆ. ಉಮ್ಮ ಕೇಳಿದ್ದು ಒಂದೇ, "ಅವರ ಮನೆಗೆ ಟ್ಯಾಂಕರ್ ಬಂತಾ?" ಮರುದಿನ ಫೋನ್ ಮಾಡಿ ವಿಚಾರಿಸಿದೆ. ಬಂದಿತ್ತಂತೆ, ಮೂರನೇ ದಿನ.

ಈಗ ಇದನ್ನು ಓದುವವರಲ್ಲಿ ನನ್ನದೊಂದು ಕೋರಿಕೆ. ಬೆಳ್ತಂಗಡಿ, ಪುತ್ತೂರು, ಸುಳ್ಯ, ಕಡಬ, ಘಟ್ಟದ ಬುಡದ ಯಾವುದೇ ಊರಿನವರಾಗಿರಲಿ, ನಿಮ್ಮ ಮನೆಯಲ್ಲೋ ನೆರೆಯಲ್ಲೋ ಎಂಬತ್ತರ ದಶಕದಲ್ಲಿ ಫಾರೆಸ್ಟ್ ಗೇಟಿನಲ್ಲಿ ಕೆಲಸ ಮಾಡಿ, ಒಂದು ಮಳೆಗಾಲದ ರಾತ್ರಿ ಲಾರಿಗೆ ಅಡ್ಡ ನಿಂತು ಕಾಲು ಮುರಿದುಕೊಂಡ ಹಿರಿಯರು ಇದ್ದರೆ ಅಥವಾ ಇದ್ದು ಹೋಗಿದ್ದರೆ ದಯವಿಟ್ಟು ನನಗೆ ತಿಳಿಸಿ. ಅವರು ಇಲ್ಲದಿದ್ದರೆ ಅವರ ಮಕ್ಕಳ ಹತ್ತಿರ ಹೋಗುತ್ತೇನೆ. ಏನು ಕೇಳಬೇಕು ಎಂದು ಗೊತ್ತಿದೆ. ಅವರು ಬೈದರೂ ಕೂತು ಕೇಳುತ್ತೇನೆ. ಮೊದಲು ಹೆಸರು ಕೇಳುತ್ತೇನೆ.